ಪಾಶ್ ಏರಿಯಾ, ಆದ್ರೆ ಕೂರೋಕೆ ಜಾಗ ಇಲ್ಲ

ಪಾಶ್ ಏರಿಯಾದಲ್ಲಿ ಮನೆ ಅಂದ ತಕ್ಷಣ ಎಲ್ರೂ ಕೇಳೋದು ಬಾಡಿಗೆ ಎಷ್ಟು ಅಂತ, ಆಮೇಲೆ ಹೇಗಿದೆ ಲೈಫು ಅಂತ. ಚೆನ್ನಾಗಿದೆ. ರಸ್ತೇಲಿ ಗುಂಡಿ ಇಲ್ಲ, ಬೀದಿದೀಪ ಕೆಟ್ರೆ ಒಂದು ಕಂಪ್ಲೇಂಟಿಗೇ ರಿಪೇರಿ ಆಗತ್ತೆ, ರಾತ್ರಿ ಎಷ್ಟೊತ್ತಿಗೆ ನಡ್ಕೊಂಡ್ ಬಂದ್ರೂ ಭಯ ಅನ್ಸಲ್ಲ. ಇದೆಲ್ಲ ನಿಜವಾದ ಸುಖ, ಅದನ್ನ ಇಲ್ಲ ಅನ್ನೋಕಾಗಲ್ಲ.

ಅದ್ರಲ್ಲೂ ದೊಡ್ಡ ಸುಖ ಅಂದ್ರೆ ಮರಗಳು. ಸೈಟುಗಳು ದೊಡ್ಡವು, ಕಟ್ಟಡದ ಸುತ್ತ ಜಾಗ ಬಿಟ್ಟಿರ್ತಾರೆ, ಹಂಗಾಗಿ ಬೇರು ಬಿಡೋಕೆ ಮಣ್ಣು ಉಳ್ಕೊಂಡಿರತ್ತೆ. ನೆರಳು ಇರೋದ್ರಿಂದ ಟಾರು ಕಾಂಕ್ರೀಟು ಅಷ್ಟು ಕಾಯಲ್ಲ, ಎಲೆಯಿಂದ ನೀರು ಆವಿಯಾಗೋವಾಗ ಸುತ್ತಲಿನ ಬಿಸೀನೂ ಕಮ್ಮಿ ಆಗತ್ತೆ, ಅದಕ್ಕೇ ಒಂದೇ ಊರಲ್ಲಿ ಒಂದೇ ಮಧ್ಯಾಹ್ನ ಎರಡು ಏರಿಯಾಗಳ ಸೆಕೆ ಬೇರೆ ಬೇರೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಬಡವರು, ಕಪ್ಪು ಜನ ಜಾಸ್ತಿ ಇರೋ ಏರಿಯಾಗಳಿಗೆ ಮನೆ ಸಾಲ ಕೊಡೋದು ರಿಸ್ಕು ಅಂತ ಸರ್ಕಾರಿ ಮ್ಯಾಪಲ್ಲಿ ಕೆಂಪು ಬಣ್ಣ ಹಚ್ಚಿದ್ರು, ಆ ಏರಿಯಾಗಳಲ್ಲಿ ಬಹಳಷ್ಟು ಕಡೆ ಇವತ್ತಿಗೂ ಮರ ಕಮ್ಮಿ, ಬಿಸಿಲು ಜಾಸ್ತಿ. ನೆರಳೂ ದುಡ್ಡಿನ ಹಿಂದೇನೇ ಹೋಗತ್ತೆ.

ಆದ್ರೆ ಹಗಲು ಹೊತ್ತಲ್ಲಿ ಈ ರಸ್ತೆಗಳಲ್ಲಿ ಯಾರಿರ್ತಾರೆ ಅಂತ ಸ್ವಲ್ಪ ನೋಡಿ. ಮನೆಯವ್ರು ಬೇಸ್‌ಮೆಂಟಿಂದ ಸೀದಾ ಕಾರಲ್ಲಿ ಹೋಗಿರ್ತಾರೆ. ಉಳಿಯೋದು ಸೆಕ್ಯುರಿಟಿಯವ್ರು, ಮನೆಕೆಲಸದವ್ರು, ಡ್ರೈವರ್‌ಗಳು, ಮಾಲಿಗಳು, ಡೆಲಿವರಿ ಹುಡುಗ್ರು. ನಗರಗಳ ಬಗ್ಗೆ ಬರೀತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ್ರು, ರಸ್ತೆ ಸೇಫಾಗಿರೋದು ಬರೀ ಪೊಲೀಸರಿಂದಲ್ಲ, ಅಲ್ಲಿ ಸದಾ ಇರೋ, ನೋಡ್ತಾ ಇರೋ ಜನರ ಕಣ್ಣುಗಳಿಂದ ಅಂತ. ನಮ್ಮ ರಸ್ತೇಲಿ ಆ ಕಣ್ಣುಗಳು ಯಾರವು ಹೇಳಿ? ಯಾವ ಮನೆ ಅಜ್ಜಿಗೆ ಹುಷಾರಿಲ್ಲ, ಯಾವ ಗೇಟ್ ಹತ್ರ ಗೊತ್ತಿಲ್ದಿರೋ ಗಾಡಿ ನಿಂತಿದೆ, ಎಲ್ಲ ಅವ್ರಿಗೇ ಗೊತ್ತು. ನಾವು ನಮ್ಮ ಏರಿಯಾ ಸೇಫು ಅಂತ ಹೆಮ್ಮೆ ಪಡ್ತೀವಲ್ಲ, ಅದನ್ನ ಸೇಫಾಗಿ ಇಡೋರು ಸಂಜೆ ಬಸ್ ಹತ್ತಿ ಬೇರೆ ಕಡೆ ಹೋಗೋರು.

ಆ ಬಸ್‌ಸ್ಟಾಪಿಗೆ ಒಂದು ಕಂಬ ಬಿಟ್ರೆ ಏನೂ ಇಲ್ಲ, ಮೇಲೆ ಶೀಟಿಲ್ಲ, ಕೂರೋಕೆ ಕಲ್ಲೂ ಇಲ್ಲ. ಇಲ್ಲಿರೋರು ಯಾರೂ ಬಸ್ಸಲ್ಲಿ ಓಡಾಡಲ್ಲ, ಹಂಗಾಗಿ ಯಾರೂ ಕೇಳಲ್ಲ, ಕೇಳದೇ ಇದ್ರೆ ಯಾರೂ ಹಾಕಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬನ್ನಿ, ಪಕ್ಕದ ಬಿಲ್ಡಿಂಗಲ್ಲಿ ಕೆಲಸ ಮಾಡೋ ಅಕ್ಕ ಒಬ್ರು ಕಾಂಪೌಂಡ್ ಗೋಡೆಗೆ ಒರಗಿ, ಫುಟ್‌ಪಾತ್ ಅಂಚಲ್ಲಿ ಕಾಲು ಮಡಚ್ಕೊಂಡು ಊಟದ ಡಬ್ಬಿ ಬಿಚ್ತಿರ್ತಾರೆ, ಯಾವ್ದಾದ್ರೂ ಕಾರು ಗೇಟಿಂದ ಹೊರಗೆ ಬಂದ್ರೆ ಡಬ್ಬಿ ಎತ್ಕೊಂಡು ಎದ್ದು ನಿಲ್ತಾರೆ, ಕಾರು ಹೋದ್ಮೇಲೆ ಮತ್ತೆ ಕೂರ್ತಾರೆ. ಕೈ ತೊಳ್ಯೋಕೆ ನಲ್ಲಿ ಇಲ್ಲ. ಟಾಯ್ಲೆಟ್ ವಿಷ್ಯ ಕೇಳ್ಲೇಬೇಡಿ, ಎಷ್ಟೋ ಹೆಂಗಸರು ಅದಕ್ಕೇ ಹೆದರಿ ನೀರೇ ಕುಡಿಯಲ್ಲ.

ಪಾರ್ಕ್ ಇದೆಯಲ್ಲ ಅಂತೀರ, ಇದೆ, ಆದ್ರೆ ಬೆಳಗ್ಗೆ ವಾಕಿಂಗ್ ಮುಗಿದ ಮೇಲೆ ಬೀಗ, ಮತ್ತೆ ತೆಗೆಯೋದು ಸಂಜೆನೇ. ನ್ಯೂಯಾರ್ಕಲ್ಲಿ ಗ್ರಾಮರ್ಸಿ ಪಾರ್ಕ್ ಅಂತ ಒಂದಿದೆ, 1831ರಿಂದ ಇರೋದು, ಸುತ್ತಲಿನ ಕಟ್ಟಡಗಳವ್ರ ಹತ್ರ ಮಾತ್ರ ಕೀ ಇರತ್ತೆ. ಅದು ಖಾಸಗಿ ಜಾಗ, ಅದನ್ನ ಅವ್ರು ಮುಚ್ಚಿಡೋದೂ ತೆರೆದಿಡೋದೂ ಬೇರೆ ಮಾತು. ನಮ್ಮದು ಎಲ್ಲರ ತೆರಿಗೆ ದುಡ್ಡಲ್ಲಿ ಆದ ಪಾರ್ಕು, ಅದಕ್ಕೆ ಮಧ್ಯಾಹ್ನ ಬೀಗ ಯಾಕೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಕೇಳಿದ್ರೆ ಯಾರ್ಯಾರೋ ಬಂದು ಮಲಗ್ತಾರೆ ಅಂತಾರೆ. ಮಲಗ್ಲಿ ಬಿಡಿ, ರಾತ್ರಿಯೆಲ್ಲ ಡ್ಯೂಟಿ ಮಾಡಿ, ಅದರ ಮೇಲೆ ಡಬಲ್ ಶಿಫ್ಟ್ ಬಿದ್ದಿರೋರಿಗೆ ಮರದ ಕೆಳಗೆ ಒಂದು ಗಂಟೆ ನಿದ್ದೆ ಸಿಕ್ರೆ ಯಾರ ಗಂಟು ಹೋಗತ್ತೆ?

ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ಮೂರು ವಿಷ್ಯ ಬರ್ಕೊಟ್ಟು ಕೇಳೋದು ಅಂತ ಇದೀನಿ: ಮಧ್ಯಾಹ್ನ ಪಾರ್ಕ್ ತೆಗೆದಿಡೋದು, ಗೇಟ್ ಪಕ್ಕ ಕುಡಿಯೋ ನೀರಿನ ನಲ್ಲಿ, ಕೆಲಸದವ್ರಿಗೆ ನೆಲಮಹಡೀಲಿ ಟಾಯ್ಲೆಟ್. ಬಸ್‌ಸ್ಟಾಪಿಗೆ ಶೆಲ್ಟರ್ ಬೇಕು ಅಂತ ಪಾಲಿಕೆಗೆ ಅರ್ಜಿ ಬೇರೆ ಹಾಕ್ಬೇಕು. ನಿಮ್ಮ ಏರಿಯಾದಲ್ಲಿ ಯಾರಾದ್ರೂ ಇಂಥದ್ದು ಮಾಡ್ಸಿದ್ರೆ ಹೇಗೆ ಒಪ್ಪಿಸಿದ್ರಿ ಅಂತ ದಯವಿಟ್ಟು ತಿಳಿಸಿ.