ಒಂದೇ ಯೂನಿಯನ್ನು, ನಡುವೆ ಗಡಿ

ಕುಳಾಯಿ, 5 ಜೂನ್ 2025, ಗುರುವಾರ

ನಿನ್ನೆಯಿಂದ ಅಮೆರಿಕದಲ್ಲಿ ಉಕ್ಕಿನ ಆಮದು ಸುಂಕ ಶೇ 25ರಿಂದ ಶೇ 50ಕ್ಕೆ ಏರಿದೆ. ಬ್ರಿಟನ್ನಿಗೆ ಮಾತ್ರ ಹಳೆಯ ಶೇ 25. ಕೆನಡಾಕ್ಕೆ ರಿಯಾಯಿತಿ ಇಲ್ಲ. ಮಾವನ ಮಗ ಇರುವುದು ಕೆನಡಾದ ಹ್ಯಾಮಿಲ್ಟನ್ನಿನ ಉಕ್ಕಿನ ಕಾರ್ಖಾನೆಯಲ್ಲಿ. ಕೆನಡಾ ಹೊರಗೆ ಮಾರುವ ಉಕ್ಕಿನಲ್ಲಿ ಬಹುಪಾಲು ಹೋಗುವುದು ಅಮೆರಿಕಕ್ಕೇ.

ಸಂಜೆ ಮಳೆ ಸ್ವಲ್ಪ ಬಿಟ್ಟ ಮೇಲೆ ಮಾವನ ಮನೆಗೆ ಹೋದೆ. ಅತ್ತೆ ಚಾ ತಂದಿಟ್ಟರು, ಮಾವ ಮುಟ್ಟಲಿಲ್ಲ.

"ಅವನಿಗೆ ಯೂನಿಯನ್ ಇಲ್ವಾ ಮಾವ?"

"ಉಂಟಲ್ಲ. ಅಮೆರಿಕದವರಿಗೂ ಅದೇ ಯೂನಿಯನ್. ಈಗ ಯಾರು ಯಾರ ಹತ್ತಿರ ಜಗಳ ಮಾಡುವುದು ಹೇಳು?"

ಯುನೈಟೆಡ್ ಸ್ಟೀಲ್‌ವರ್ಕರ್ಸ್. ಮುಖ್ಯ ಕಚೇರಿ ಪಿಟ್ಸ್‌ಬರ್ಗ್‌ನಲ್ಲಿ. ಗಡಿಯ ಎರಡೂ ಕಡೆಯವರು ಅದರ ಸದಸ್ಯರು. ಕಳೆದ ಶುಕ್ರವಾರ ಟ್ರಂಪ್ ಈ ಶೇ 50ರ ಮಾತು ಹೇಳಿದ್ದು ಅದೇ ಪಿಟ್ಸ್‌ಬರ್ಗ್ ಹತ್ತಿರದ ಕಾರ್ಖಾನೆಯಲ್ಲಿ, ಕಾರ್ಮಿಕರ ಎದುರಿಗೆ. 2018ರಲ್ಲಿ ಮೊದಲ ಸಲ ಶೇ 25 ಬಿದ್ದಾಗ ಯೂನಿಯನ್ ಸುಂಕ ಬೇಕು ಎಂದಿತ್ತು, ಆದರೆ ಕೆನಡಾವನ್ನು ಬಿಡಿ ಎಂದೂ ಕೇಳಿತ್ತು. ಆಗಿನ ಅಧ್ಯಕ್ಷ ಲಿಯೋ ಜೆರಾರ್ಡ್ ಕೆನಡಾದವರೇ. ದೇಶದ ಹೆಸರಲ್ಲಿ ಎಲ್ಲರೂ ಕೂಗುವಾಗ ಪಕ್ಕದ ದೇಶದವನೂ ನಮ್ಮವನೇ ಎನ್ನುವುದು ಸಣ್ಣ ವಿಷಯ ಅಲ್ಲ. ಆದರೆ ಅದು ಕೆನಡಾಕ್ಕೇ ನಿಂತಿತು. ಬ್ರೆಜಿಲಿನಲ್ಲಿ, ಕೊರಿಯಾದಲ್ಲಿ ಕುಲುಮೆ ಮುಂದೆ ನಿಂತವರ ಪರವಾಗಿ ಯಾರು ಕೇಳಬೇಕಿತ್ತು?

ಮಾವ ಕುದುರೆಮುಖದ ಮಾತು ತೆಗೆದರು. ಇರಾನಿನ ಸಾಲದಲ್ಲಿ, ಇರಾನಿಗೇ ಅದಿರು ಕಳಿಸಲೆಂದು ಶುರುವಾದ ಗಣಿ ಅದು. 1979ರಲ್ಲಿ ಅಲ್ಲಿ ಶಾ ಆಡಳಿತ ಬಿತ್ತು. ಇಲ್ಲಿ ಘಟ್ಟದಿಂದ ಪಣಂಬೂರಿಗೆ ಪೈಪು ಹಾಕಿ ಆಗಿದೆ, ಅದಿರು ಕೊಳ್ಳುವವರಿಲ್ಲ. "ನಾವು ಹುಡುಗರು. ಟೆಹರಾನ್ ಎಲ್ಲುಂಟು ಅಂತ ಗೊತ್ತಿರಲಿಲ್ಲ. ನಮ್ಮ ಕೆಲಸ ಇರ್ತದಾ ಇಲ್ವಾ ಅಂತ ಅಲ್ಲಿ ತೀರ್ಮಾನ ಆಗ್ತಿತ್ತು." ಈಗ ಮಗನಿಗೂ ಅದೇ ಗತಿ ಎಂದು ಅವರು ಹೇಳಲಿಲ್ಲ. ನನಗೆ ಹೊಟ್ಟೆಯೊಳಗೆ ಸಂಕಟ ಆಯಿತು.

ಏಪ್ರಿಲಿನಲ್ಲಿ ನಮ್ಮ ಸರಕಾರವೂ ಕೆಲವು ಬಗೆಯ ಉಕ್ಕಿನ ಆಮದಿಗೆ 200 ದಿನಗಳ ಮಟ್ಟಿಗೆ ಶೇ 12 ಸುಂಕ ಹಾಕಿದೆ. ಅದನ್ನು ಕೇಳಿದೆ. "ಅದು ಬೇಕಿತ್ತು ಮಾರಾಯ್ತಿ, ಇಲ್ಲದಿದ್ದರೆ ನಮ್ಮವರು ಮುಳುಗ್ತಾರೆ" ಎಂದರು, ಒಂದು ಕ್ಷಣವೂ ಯೋಚಿಸದೆ. ಆಮೇಲೆ ಸುಮ್ಮನಾದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು.

ಮಾವ ಹೇಳಿದ್ದು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅಗ್ಗದ ಉಕ್ಕು ಬಂದು ಬಿದ್ದರೆ ಕಾರ್ಖಾನೆಗಳು ನಿಜಕ್ಕೂ ಮುಚ್ಚುತ್ತವೆ. ಜಗತ್ತಿನ ಉಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಚೀನಾದ್ದು. ಆದರೆ ಅಲ್ಲಿ ಅದನ್ನು ಕರಗಿಸುವವರಿಗೆ ಸರಕಾರ ಒಪ್ಪಿದ ಒಂದೇ ಒಕ್ಕೂಟ, ಬೇರೆ ಯೂನಿಯನ್ ಕಟ್ಟುವಂತಿಲ್ಲ. ಯಾವ ಸುಂಕವೂ ಆ ಬಾಗಿಲು ತೆರೆಯುವುದಿಲ್ಲ. ಸುಂಕ ತಡೆಯುವುದು ಸರಕನ್ನು. ಸಂಬಳ ಕೇಳುವ ಧೈರ್ಯ ಕೊಡುವುದು ಯೂನಿಯನ್ನು. ಜಿನೀವಾದಲ್ಲಿ 2012ರಿಂದ ಇಂಡಸ್ಟ್ರಿಆಲ್ ಎಂಬ ಜಾಗತಿಕ ಒಕ್ಕೂಟ ಇದೆ, ನಮ್ಮ ದೇಶದ ಯೂನಿಯನ್ನುಗಳೂ ಅದರಲ್ಲಿವೆ. ಸುಂಕ ಬೇಕೆನ್ನುವವರೂ ಸುಂಕದ ಪೆಟ್ಟು ತಿನ್ನುವವರೂ ಒಟ್ಟಿಗೆ ಕೂರಬಹುದಾದ ಜಾಗ ಅದು. ಅಲ್ಲಿ ಖಾರದ ಮಾತೇ ಆಗಲಿ. ನಮ್ಮ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಗುತ್ತಿಗೆ ಕೆಲಸದವರನ್ನೂ ಯಾರಾದರೂ ಅಲ್ಲಿಗೆ ಕರೆಯಬೇಕು. ಸುಂಕದಿಂದ ಉಕ್ಕಿನ ರೇಟು ಏರಿದರೆ ಅವರ ದಿನಗೂಲಿ ಏರುತ್ತದಾ?

ಕರೆಂಟು ಹೋಯಿತು. ಮೊಬೈಲಿನಲ್ಲಿ ಬರೆಯುತ್ತಿದ್ದೇನೆ.

ಮಾವನ ಮಗನಿಗೆ ಶನಿವಾರ ರಜೆಯಂತೆ. ಫೋನ್ ಮಾಡಿ ಕೇಳಬೇಕು, ಅವರ ಮೀಟಿಂಗಿಗೆ ಪಿಟ್ಸ್‌ಬರ್ಗ್ ಕಡೆಯವರು ಯಾರಾದರೂ ಬಂದಿದ್ದರಾ, ಬಂದಿದ್ದರೆ ಇವರ ಮುಖ ನೋಡಿ ಏನು ಹೇಳಿದರು ಎಂದು.