ಚಿಂಚೋಳಿ ಕಾಡಿನಲ್ಲಿ ಅಣಬೆಯ ಬೇರು ಹುಡುಕಿದ ಬೆಳಗು

ಶ್ರಾವಣದ ಜಿಟಿಜಿಟಿ ಮಳೆ ನಿಂತ ಮರುದಿನ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮದ ಕೆಂಪು ಮಣ್ಣಿನಲ್ಲಿ ಆರು ಅಣಬೆಗಳು ಒಟ್ಟಿಗೆ ಎದ್ದಿದ್ದವು. ಜೊತೆಗಿದ್ದ ತಾಂಡಾದ ಹಿರಿಯರು, "ಕೈ ಹಚ್ಚಬ್ಯಾಡ್ರಿ, ಮದಲ ಬುಡ ನೋಡ್ರಿ" ಅಂದರು.

ಕೊಡೆಯ ನಡುವೆ ಚೂಪು ಗುಬ್ಬಿ, ಅಡಿಯಲ್ಲಿ ಬಿಳಿ ಪದರುಗಳು. ಗೆದ್ದಲು ಹುಳು ತನ್ನ ಗೂಡಿನಲ್ಲಿ ಬೆಳೆಸುವ ಟರ್ಮಿಟೊಮೈಸಿಸ್ ಕುಲದ ಅಣಬೆ ಎಂಬ ಊಹೆಗೆ ಇಷ್ಟು ಸಾಕು, ತೀರ್ಮಾನಕ್ಕೆ ಸಾಲದು. ಮೇಲಿನಿಂದ, ಪಕ್ಕದಿಂದ, ಅಡಿಯಿಂದ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸುತ್ತಲಿನ ಮರಗಳನ್ನು ಬರೆದುಕೊಂಡ ಮೇಲೆಯೇ ಕುರ್ಪಿ ಹಿಡಿದದ್ದು. ಇಲಾಖೆಯ ಅನುಮತಿ ಇತ್ತು. ಆದರೂ ತೆಗೆದದ್ದು ಒಂದೇ. ಎಳೆದರೆ ಬೇರಿನಂಥ ಬುಡ ನೆಲದಲ್ಲೇ ಮುರಿಯುತ್ತದೆ, ಗುರುತಿನ ಮುಖ್ಯ ಸಾಕ್ಷಿಯೇ ಹೋಗುತ್ತದೆ. ನಾಲ್ಕು ಬೆರಳು ದೂರದಿಂದ ಮಣ್ಣು ಬಿಡಿಸುತ್ತ ಹೋದಾಗ ಅದು 30 ಸೆಂಟಿಮೀಟರ್ ದಾಟಿ ಇನ್ನೂ ಕೆಳಗಿಳಿದಿತ್ತು. ಅಲ್ಲಿಗೇ ನಿಲ್ಲಿಸಿದೆವು. ಅಣಬೆಯ ಜೀವವಿರುವುದು ಗೆದ್ದಲಿನ ಗೂಡಿನೊಳಗಿನ ಜೇನುಹುಟ್ಟಿನಂಥ ಹಾಸಿನಲ್ಲಿ. ಅದನ್ನು ಅಗೆದರೆ ಹೆಸರು ಸಿಕ್ಕರೂ ಅಣಬೆ ಉಳಿಯದು.

ಉದ್ದ ಬೇರು ಕಂಡೊಡನೆ ಹಿಗ್ಗಬಾರದು. ಮಣ್ಣಲ್ಲಿ ಹೂತ ಕಟ್ಟಿಗೆಯಿಂದ ಏಳುವ ಔಡೆಮಾನ್ಸಿಯೆಲ್ಲ ಎಂಬ ಇನ್ನೊಂದು ಅಣಬೆ ಬಳಗಕ್ಕೂ ಅಂಥದೇ ಬೇರು. ಎರಡನ್ನೂ ಬೇರೆ ಮಾಡಿ ತೋರಿಸುವುದು ಕೊಡೆಯಿಂದ ಉದುರುವ ಬೀಜಕಣದ ಪುಡಿಯ ಬಣ್ಣ. ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಮಲಗಿಸಿ ಬಟ್ಟಲು ಕವುಚಿ ರಾತ್ರಿಯಿಡೀ ಬಿಟ್ಟೆವು; ಬಿಳಿ ಕಾಗದ ಒಂದನ್ನೇ ಇಟ್ಟರೆ ಬಿಳಿ ಪುಡಿ ಕಾಣುವುದೇ ಇಲ್ಲ. ಬೆಳಗ್ಗೆ ಬಿದ್ದದ್ದು ತಿಳಿ ಗುಲಾಬಿ: ಟರ್ಮಿಟೊಮೈಸಿಸ್. ಬಿಳಿಯಾಗಿದ್ದರೆ ಆ ಇನ್ನೊಂದು ಬಳಗ. ಹಸಿರು ಬಿದ್ದರೆ ಕ್ಲೋರೊಫಿಲ್ಲಮ್ ಮೊಲಿಬ್ಡೈಟಿಸ್ ಎಂಬ ವಿಷದ ಅಣಬೆ, ತಿಂದವರಿಗೆ ವಾಂತಿಭೇದಿ.

ಇದು ಕುಲದ ಹೆಸರಷ್ಟೆ. ಪ್ರಭೇದಕ್ಕೆ ಸೂಕ್ಷ್ಮದರ್ಶಕ ಬೇಕು, ಒಣಗಿಸಿದ ಮಾದರಿ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಸಂಜೆಯೊಳಗೆ ಕೊಳೆಯುತ್ತದೆ, ಆದ್ದರಿಂದ ಕಾಗದದ ಲಕೋಟೆ. 40 ಡಿಗ್ರಿಯ ಬಿಸಿಯಲ್ಲಿ ಪಟ್ಟನೆ ಮುರಿಯುವಷ್ಟು ಒಣಗಬೇಕು. ಅಪರೂಪವೋ ಅಲ್ಲವೋ ಎಂಬುದು ಒಂದು ಬೆಳಗಿನಲ್ಲಿ ತಿಳಿಯುವ ಮಾತಲ್ಲ. ಕೊಡೆ ಬಾಳುವುದು ಕೆಲವೇ ದಿನ. ಪ್ರತಿ ಮಳೆಗಾಲ ಅದೇ ಜಾಗಕ್ಕೆ ಹೋಗಬೇಕು, ಏನೂ ಕಾಣದ ದಿನವನ್ನೂ ಬರೆದಿಡಬೇಕು.

ಕಾಡಿನಂಚಿನ ತೊಗರಿ ಹೊಲಗಳಲ್ಲಿ ಹುತ್ತ ಕೆಡವಿ ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿದರೆ ಗೆದ್ದಲಿನ ಜೊತೆ ಅಣಬೆಯೂ ಸಾಯುತ್ತದೆ. ಪಂಚಮಿಗೆ ಹಾಲೆರೆಯುವ ಹುತ್ತಕ್ಕೆ ಮಾತ್ರ ಯಾರೂ ಗುದ್ದಲಿ ಹಾಕುವುದಿಲ್ಲ. ಆ ಗೌರವ ಹೊಲದ ಬದುವಿನ ಹುತ್ತಕ್ಕೂ ಸಿಗಲಿ ಎಂಬುದೇ ನಮ್ಮ ಕೇಳಿಕೆ.

ಹೊರಡುವ ಮುನ್ನ ಕುಣಿಗೆ ಅಡಿಮಣ್ಣನ್ನು ಅಡಿಗೆ, ಮೇಲ್ಮಣ್ಣನ್ನು ಮೇಲೆ ತುಂಬಿ, ಒಣ ಎಲೆ ಹೊದಿಸಿದೆವು. ತೆರೆದು ಬಿಟ್ಟರೆ ಮುಂದಿನ ಮಳೆಯ ನೀರು ನೇರ ಗೂಡಿಗೇ ಇಳಿಯುತ್ತದೆ.