ಕೈಕಾಲು ಜೋಮು ಹಿಡಿದಾಗ

ಮೈಸೂರಿನಲ್ಲಿ ಊದುಬತ್ತಿ ಹೊಸೆಯುವ ಹೆಂಗಸರಿಗೆ ಜೋಮು ಹೊಸದಲ್ಲ. ಕಾಲು ಮಡಚಿ ಗಂಟೆಗಟ್ಟಲೆ ನೆಲದ ಮೇಲೆ ಕೂತು ಎದ್ದರೆ, ಪಾದ ನೆಲ ಮುಟ್ಟಿದ್ದೇ ತಿಳಿಯುವುದಿಲ್ಲ. ನಮ್ಮತ್ತೆಯೂ ಆ ಕೆಲಸ ಮಾಡಿದವರು. "ರಕ್ತ ಓಡ್ತಿಲ್ಲ ಕಣಮ್ಮ" ಅನ್ನುತ್ತಿದ್ದರು.

ರಕ್ತದ ಪಾಲೂ ಸ್ವಲ್ಪ ಇದೆ. ಆದರೆ ಮುಖ್ಯವಾಗಿ ಒತ್ತು ಬೀಳುವುದು ನರಕ್ಕೆ. ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಕೈಗೆ ಸಿಗುವ ಮೂಳೆಯ ಉಬ್ಬು ಇದೆಯಲ್ಲಾ, ಅದನ್ನು ಬಳಸಿಕೊಂಡು ಚರ್ಮದ ಕೆಳಗೇ ಒಂದು ನರ ಹೋಗುತ್ತದೆ, ಚಕ್ಕಳಮಕ್ಕಳ ಹಾಕಿ ಕೂತರೂ ಕಾಲ ಮೇಲೆ ಕಾಲು ಹಾಕಿದರೂ ಅದು ಅದುಮಿಕೊಳ್ಳುತ್ತದೆ. ಒತ್ತು ಬಿಟ್ಟಾಗ ಆಗುವ ಸೂಜಿ ಚುಚ್ಚಿದಂಥ ಹಿಂಸೆ ನರ ಮತ್ತೆ ಕೆಲಸ ಶುರುಮಾಡಿದ ಗುರುತು.

ಆಗ ತಕ್ಷಣ ಎದ್ದು ನಡೆಯಬೇಡಿ, ಪಾದ ಹೊರಳಿ ಬೀಳುತ್ತೀರಿ. ಕಾಲು ಚಾಚಿ, ಬೆರಳು ಆಡಿಸಿ, ಮೆಲ್ಲಗೆ ಉಜ್ಜಿ. ಕೆಲವೇ ನಿಮಿಷದಲ್ಲಿ ಹೋಗುತ್ತದೆ.

ಕೈಯದಾದರೆ ಯಾವ ಬೆರಳು ಅಂತ ನೋಡಿಕೊಳ್ಳಿ. ಕಿರುಬೆರಳು, ಉಂಗುರದ ಬೆರಳಾದರೆ ಸಾಮಾನ್ಯವಾಗಿ ಮೊಣಕೈ ಹತ್ತಿರ ಒತ್ತು, ಮೊಣಕೈ ಮಡಚಿ ಫೋನ್ ಹಿಡಿದು ಮಲಗುವವರಿಗೆ ಇದು ಜಾಸ್ತಿ. ಹೆಬ್ಬೆರಳಿಂದ ನಡುಬೆರಳವರೆಗೆ ಆದರೆ ಮಣಿಕಟ್ಟು. ಅತ್ತೆಗೆ ಇದೇ ಇತ್ತು. ರಾತ್ರಿ ಎಚ್ಚರವಾಗಿ ಕೈ ಕೊಡವುತ್ತಾ ಕೂರುತ್ತಿದ್ದರು. ಮಲಗುವಾಗ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿಕೊಂಡ ಮೇಲೆ ಎಷ್ಟೋ ಕಡಿಮೆಯಾಯಿತು.

ಸುಮ್ನೆ ಕೂತಾಗಲೂ ಎರಡೂ ಪಾದ ಜುಮುಜುಮು ಅಂದರೆ ಸಕ್ಕರೆ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಮಂಡ್ಯ ಕಡೆ ಮುದ್ದೆ, ಸೊಪ್ಪಿನ ಸಾರು ಚೆನ್ನಾಗಿ ಉಣ್ಣುತ್ತೇವೆ, ಆದರೆ ಬಿ12 ಅದರಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯಬಹುದು. ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಇಂಥವರು ಜೋಮಿಗೆಂದು ಬಿಸಿನೀರಿನಲ್ಲಿ ಕಾಲಿಡುವುದು ನೋಡಿದರೆ ನನಗೆ ಭಯವಾಗುತ್ತದೆ. ಸುಟ್ಟರೂ ಗೊತ್ತಾಗುವುದಿಲ್ಲ, ಅಲ್ವಾ?

ಇನ್ನು, ಇದ್ದಕ್ಕಿದ್ದಂತೆ ಒಂದೇ ಕಡೆಯ ಕೈಕಾಲು ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಉಜ್ಜುತ್ತಾ ಕೂರಬೇಡಿ. ಅದು ಲಕ್ವ ಇರಬಹುದು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು, ಶುರುವಾದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108ಕ್ಕೆ ಫೋನ್ ಮಾಡಿ, ಶುರುವಾದ ಹೊತ್ತನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ.